ಬುಟ್ಟಿ ತಗೊಳ್ಳೋಕೆ ಮುಂಚೆ ಅದರ ಕಣ್ಣು ನೋಡಿ

ಹೋದ ವರ್ಷ ಸೆಪ್ಟೆಂಬರಲ್ಲಿ ಬಾತ್‌ರೂಮ್ ಪಕ್ಕ ಇಟ್ಟಿದ್ದ ಪ್ಲಾಸ್ಟಿಕ್ ಲಾಂಡ್ರಿ ಡಬ್ಬದ ಮುಚ್ಚಳ ತೆಗೆದೆ ನೋಡಿ, ಹುಳಿ ಬಂದ ದೋಸೆ ಹಿಟ್ಟು ಎರಡು ದಿನ ಮರೆತ ಹಾಗೆ ವಾಸನೆ, ತಳದಲ್ಲಿ ಮಗಳ ಬಿಳಿ ಯೂನಿಫಾರ್ಮ್ ಶರ್ಟು, ಅದರ ಕಾಲರ್ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಬೂಷ್ಟು. ಮೂರು ದಿನ ಮಳೆ, ಬಟ್ಟೆ ಒಗೆದಿರ್ಲಿಲ್ಲ, ಒದ್ದೆ ಟವೆಲ್ ಅದ್ರ ಮೇಲೆ ಯಾರೋ ಬಿಸಾಕಿದ್ರು (ಯಾರು ಅಂತ ಗೊತ್ತು, ಹೇಳಲ್ಲ). ಆ ಚುಕ್ಕಿ ಏನು ಮಾಡಿದ್ರೂ ಹೋಗ್ಲಿಲ್ಲ, ಹೊಸ ಶರ್ಟೇ ತರಬೇಕಾಯ್ತು.

ಫೋನಲ್ಲಿ ಅಮ್ಮನಿಗೆ ಹೇಳಿದ್ರೆ ಕುಂದಾಪುರದಿಂದ ಒಂದೇ ಮಾತು, "ಡಬ್ಬಿ ಒಳ್ಗ್ ಹಾಕಿರೆ ಉಸ್ರ್ ಕಟ್ಟದೇ ಇರತ್ತಾ? ಹೆಡ್ಗಿ ತಕೋ." ಹೆಡಿಗೆ ಅಂದ್ರೆ ನಮ್ಮ ಕಡೆ ಬುಟ್ಟಿ. ಅಲ್ಲಿಂದ ಶುರುವಾಯ್ತು ನನ್ನ ಬುಟ್ಟಿ ಹುಚ್ಚು. ಈಗ ಮನೇಲಿ 3 ಬುಟ್ಟಿ ಇದೆ, ಒಂದು ಕುಟ್ಟೆ ಹುಳ ಹಿಡಿದು ಪುಡಿ ಆಯ್ತು, ಒಂದು ಅಮ್ಮನ ಪಂಚೆಗೆ, ಸಾರಿ, ಅಪ್ಪನ ಪಂಚೆಗೆ ತುಕ್ಕು ಬಳಿದು ಮನೆಯಿಂದ ಆಚೆ ಹೋಯ್ತು. ಆ ಐದರಲ್ಲಿ ಕಲಿತಿದ್ದನ್ನೆಲ್ಲ ಇಲ್ಲಿ ಬರೀತಾ ಇದೀನಿ, ಬೆಂಗಳೂರಲ್ಲಿ ಸಣ್ಣ ಫ್ಲಾಟಲ್ಲಿ ಇರೋರಿಗೆ ಉಪಯೋಗಕ್ಕೆ ಬರತ್ತೆ.

ಮೊದಲು ಒಂದು ವಿಷಯ, ಇದು ಅರ್ಥ ಆದ್ರೆ ಉಳಿದಿದ್ದೆಲ್ಲ ಸುಲಭ

ನಮ್ಮಜ್ಜಿ ಹತ್ರ ಇದ್ದ ಬುಟ್ಟಿಗಳಲ್ಲಿ ಎರಡಕ್ಕೆ ಮಾತ್ರ ದೊಡ್ಡ ದೊಡ್ಡ ತೂತು. ಒಂದು ಬಟ್ಟೆ ಒಗೆದು ತರೋಕೆ ತೋಡಿಗೆ ಒಯ್ಯೋದು, ಇನ್ನೊಂದು ಇಳಿತದ ಹೊತ್ತಿಗೆ ಹೊಳೆಗೆ ಇಳಿದು ತಿನ್ನೋ ಚಿಪ್ಪಿ ಹೆಕ್ಕೋದು. ಉಳಿದ ಬುಟ್ಟಿ, ಗೆರಸಿ, ಮೊರ ಎಲ್ಲ ಒತ್ತಾಗಿ ಹೆಣೆದಿದ್ದು, ಅದೂ ಸಾಲದು ಅಂತ ಸಗಣಿ ಸಾರಿಸಿ ಇಲ್ಲ ಮೆಂತ್ಯ ಅರೆದು ಹಳೇ ಪೇಪರ್ ಜೊತೆ ಕಲಸಿ ಬಳಿದು ಸಂದು ಮುಚ್ಚೋರು, ಯಾಕಂದ್ರೆ ಅದರಲ್ಲಿ ಅಕ್ಕಿ ಕಾಳು ಇಡೋದು, ಸೋರಬಾರದು. ಚಿಪ್ಪಿಗೂ ಒದ್ದೆ ಬಟ್ಟೆಗೂ ಸೋರಬೇಕು. ನೀರು ಕೆಳಗೆ ಹೋಗಬೇಕು, ಗಾಳಿ ಒಳಗೆ ಬರಬೇಕು. ಚಿಪ್ಪಿಗಾದ್ರೆ ಮರಳು ಬೇರೆ ಉದುರಬೇಕು.

ಬಲೆಗೆ ಹೇಗೆ ಕಣ್ಣು ಅಂತೀವೋ ಬುಟ್ಟಿಗೂ ಹಾಗೇ ಕಣ್ಣು. ನಾವು ಅಂಗಡೀಲಿ ಬುಟ್ಟಿ ನೋಡೋವಾಗ ಬಿದಿರು ಸೀಳಿದ ದಬ್ಬೆ ನೋಡ್ತೀವಿ, ಬಣ್ಣ ನೋಡ್ತೀವಿ, ದಬ್ಬೆ ಮಧ್ಯದ ಖಾಲಿ ಜಾಗ ನೋಡಲ್ಲ, ನಾವು ದುಡ್ಡು ಕೊಡ್ತಿರೋದು ಮಾತ್ರ ಆ ಖಾಲಿ ಜಾಗಕ್ಕೆ. ಅಮೆರಿಕಾ-ಕೆನಡಾದ ಪಶ್ಚಿಮ ಕರಾವಳೀಲಿರೋ ಕೋಸ್ಟ್ ಸೇಲಿಶ್ ಅನ್ನೋ ಮೂಲನಿವಾಸಿಗಳು ಸೀಡರ್ ಮರದ ಬೇರು ಕೊಂಬೆ ಸೀಳಿ ಚಿಪ್ಪಿ ಬುಟ್ಟಿ ಹೆಣೀತಾರೆ, ಅದೂ ಹೀಗೇ ದೊಡ್ಡ ಕಣ್ಣಿಂದು, ತುಂಬಿದ ಬುಟ್ಟೀನೇ ನೀರಲ್ಲಿ ಅದ್ದಿ ಅಲ್ಲಾಡಿಸಿದ್ರೆ ಮರಳೆಲ್ಲ ಹೊರಗೆ. ಅವರಿಗೆ ಬಿದಿರಿಲ್ಲ, ನಮಗೆ ಆ ಸೀಡರ್ ಇಲ್ಲ, ಆದ್ರೂ ಬುಟ್ಟಿ ಒಂದೇ ಥರ ಆಗಿದೆ.

ಎಷ್ಟು ಬುಟ್ಟಿ ಬೇಕು

ಎರಡು. ಒಂದರಲ್ಲೇ ಎಲ್ಲ ಮಾಡೋಕೆ ಹೋಗಬೇಡಿ, ನಾನು ಹೋಗಿ ಕೆಟ್ಟಿದೀನಿ. ಕೊಳೆ ಬಟ್ಟೆ ಕೂಡಿಡೋ ಬುಟ್ಟಿ ಎತ್ತರ ಇರಬೇಕು, ಒಗೆದ ಒದ್ದೆ ಬಟ್ಟೆ ಟೆರೇಸಿಗೆ ಒಯ್ಯೋ ಬುಟ್ಟಿ ತಗ್ಗಾಗಿ ಬಾಯಿ ಅಗಲ ಇರಬೇಕು. ಎತ್ತರದ ಬುಟ್ಟೀಲಿ ಒದ್ದೆ ಬಟ್ಟೆ ತುಂಬಿದ್ರೆ ತಳದ ಬಟ್ಟೆ ಮೇಲೆ ಮೇಲಿನದರ ಭಾರ ಬಿದ್ದು ನೀರು ನಿಂತು ಮುದ್ದೆ ಆಗತ್ತೆ, ಬುಟ್ಟಿ ತಳಾನೂ ಬೇಗ ಕೊಳೆಯತ್ತೆ.

3-4 ಜನ ಇರೋ ಮನೆಗೆ, ಎರಡು ದಿನಕ್ಕೊಂದ್ಸಲ ಮಷಿನ್ ಹಾಕೋರಾದ್ರೆ, ಕೊಳೆ ಬಟ್ಟೆಗೆ ಸುಮಾರು 20 ಇಂಚು ಎತ್ತರ, 16 ಇಂಚು ಬಾಯಿ ಸಾಕು. ಇದಕ್ಕಿಂತ ದೊಡ್ಡದು ತಗೊಂಡ್ರೆ ಏನಾಗತ್ತೆ ಅಂದ್ರೆ ಅದು ತುಂಬೋ ತನಕ ಯಾರೂ ಬಟ್ಟೆ ಒಗೆಯಲ್ಲ, ಸೋಮವಾರದ ಸಾಕ್ಸು ಭಾನುವಾರದ ತನಕ ತಳದಲ್ಲೇ ಕೂತಿರತ್ತೆ. ಬುಟ್ಟಿ ಚಿಕ್ಕದಿದ್ದಷ್ಟೂ ಮನೆ ಕ್ಲೀನು. ಒದ್ದೆ ಬಟ್ಟೆದು 18-20 ಇಂಚು ಬಾಯಿ, 8-10 ಇಂಚು ಆಳ, ಎರಡು ಕಡೆ ಹಿಡಿ.

ಎಲ್ಲಿ ಹುಡುಕೋದು

ಕೆ.ಆರ್. ಮಾರ್ಕೆಟ್ ಸುತ್ತಮುತ್ತ ಹೂವಿನವರಿಗೆ ತರಕಾರಿಯವರಿಗೆ ಬುಟ್ಟಿ ಮಂಕರಿ ಮಾರೋರು ಇರ್ತಾರೆ, ಅಲ್ಲಿ ಗಟ್ಟಿ ಮಾಲು ಸಿಗತ್ತೆ ಆದ್ರೆ ಫಿನಿಶಿಂಗ್ ಒರಟು. ಕಂಟೋನ್ಮೆಂಟ್ ಕಡೆ ಬಂಬೂ ಬಜಾರಲ್ಲಿ ಹೆಚ್ಚಾಗಿ ಗಳ, ಏಣಿ, ಚಪ್ಪರದ ಸಾಮಾನು. ಗೌರಿ ಹಬ್ಬಕ್ಕೆ ಮುಂಚಿನ ಹತ್ತು ದಿನ ಗಾಂಧಿ ಬಜಾರ್, ಮಲ್ಲೇಶ್ವರ ಕಡೆ ಬಾಗಿನದ ಮೊರ ರಾಶಿ ಹಾಕಿಕೊಂಡು ಕೂತಿರ್ತಾರಲ್ಲ, ಅವರಲ್ಲಿ ಎಷ್ಟೋ ಜನ ತಾವೇ ಹೆಣೆಯೋ ಮೇದಾರರು, ಅವತ್ತು ಮೊರ ತಗೊಳ್ಳಿ, ಬುಟ್ಟಿಗೆ ಆರ್ಡರ್ ಕೊಡಿ. ಹಬ್ಬದ ರಶ್ ಮುಗಿದ ಮೇಲೆ ಅವರೂ ಪುರುಸೊತ್ತಾಗಿ ಮಾಡಿಕೊಡ್ತಾರೆ. ಮೇದಾರರ ಕಸುಬು ನಿನ್ನೆ ಮೊನ್ನೆದಲ್ಲ, 12ನೇ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯ ಬುಟ್ಟಿ ಮೊರ ಮಾಡಿ ಮಾರಿ ಬದುಕಿದೋರು. ಕರಾವಳಿ ಕಡೆ ಈ ಕೆಲಸ ಕೊರಗರದ್ದು, ಅವರು ಬಿದಿರಿನ ಜೊತೆ ಕಾಡುಬಳ್ಳೀಲೂ ಹೆಣೀತಾರೆ, ಬಳ್ಳಿ ಬುಟ್ಟಿ ಸಿಕ್ಕಿದ್ರೆ ಬಿಡಬೇಡಿ.

ನನಗೆ ಪಾಠ ಮಾಡಿದ್ದು ಮಾರ್ಕೆಟ್ ಹತ್ರ ಕೂತಿದ್ದ ಒಬ್ಬ ಅಜ್ಜಿ. ನಾನು ಚೆಂದ ಇದೆ ಅಂತ ಒತ್ತಾಗಿ ಹೆಣೆದ ಒಂದು ಬುಟ್ಟಿ ಎತ್ತಿಕೊಂಡೆ.

"ಯಾವ್ದುಕ್ಕವ್ವ ಇದು?"

"ಬಟ್ಟೆಗೆ ಅಜ್ಜಿ, ಒಗೆಯೋ ಬಟ್ಟೆ ಹಾಕಿಡೋಕೆ."

"ಮಡಗು ಅತ್ಲಾಗೆ. ಅದು ಕಾಳಿಗೆ. ಬಟ್ಟೆಗೆ ಕಣ್ ಇರ್ಬೇಕು. ಕೋಳಿ ಬುಟ್ಟಿ ನೋಡಿದ್ದೀಯಾ, ಅಂಗೆ."

ಕೋಳಿ ಮುಚ್ಚೋ ಬುಟ್ಟಿ ನೋಡಿರ್ತೀರಲ್ಲ, ಆರು ಮೂಲೆ ಕಣ್ಣಿಂದು, ಜೇನುಗೂಡಿನ ಥರ. ಮೂರು ದಿಕ್ಕಿಂದ ದಬ್ಬೆ ಒಂದರೊಳಗೊಂದು ಸಿಕ್ಕಿಕೊಂಡಿರತ್ತೆ, ಹಂಗಾಗಿ ಎಳೆ ಸರಿಯಲ್ಲ, ಕಡಿಮೆ ಬಿದಿರಲ್ಲಿ ಗಟ್ಟಿ ಬುಟ್ಟಿ ಆಗತ್ತೆ. ಒದ್ದೆ ಬಟ್ಟೆಗೆ ಇದೇ ಹೆಣಿಗೆ ಬೆಸ್ಟು. ಕಣ್ಣು ಎಷ್ಟು ದೊಡ್ಡದಿರಬೇಕು ಅಂದ್ರೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಮುಷ್ಟಿ ಹೋಗಬಾರದು. ಕೊಳೆ ಬಟ್ಟೆ ಬುಟ್ಟಿಗೆ ಒಂದು ಬೆರಳಿನ ಕಣ್ಣು ಸಾಕು, ಇಲ್ಲಾಂದ್ರೆ ಮಕ್ಕಳ ಸಾಕ್ಸು ಕರ್ಚೀಫು ಆಚೆ ನೇತಾಡ್ತಾ ಇರತ್ತೆ.

ಕೈಯಲ್ಲಿ ಹಿಡಿದು ನೋಡೋದು

ಇಲ್ಲಿ ಅವಸರ ಬೇಡ, ಅಂಗಡಿಯವರು ಮುಖ ಸಿಂಡರಿಸಿದ್ರೂ ಪರವಾಗಿಲ್ಲ. ಬುಟ್ಟಿ ಬೋರಲು ಹಾಕಿ ಮೊದಲು ತಳ ನೋಡಿ. ತಳ ನೆಲಕ್ಕೆ ಪೂರ್ತಿ ಅಂಟಿಕೊಂಡು ಕೂತ್ರೆ ಅದು ಬೇಡ, ನಡುಭಾಗ ಸ್ವಲ್ಪ ಒಳಕ್ಕೆ ಎದ್ದಿರಬೇಕು ಇಲ್ಲ ಸುತ್ತ ಒಂದು ಬಳೆ ಕಟ್ಟಿರಬೇಕು, ಆಗ ಕೆಳಗೆ ಗಾಳಿ ಆಡತ್ತೆ. ಆಮೇಲೆ ಬಾಯಿ. ಎರಡೂ ಕೈಯಲ್ಲಿ ಬಾಯಿ ಅಂಚು ಹಿಡಿದು ಎದುರು ಬದುರು ತಿರುಚಿ, ಸ್ವಲ್ಪ ಬಾಗಿ ವಾಪಸ್ ಬರಬೇಕು, ಕಿರ್ ಅಂತ ಶಬ್ದ ಬಂದು ಹಾಗೇ ಉಳಿದ್ರೆ ಕಟ್ಟು ಸಡಿಲ. ಬುಟ್ಟಿ ಸಾಯೋದು ಯಾವಾಗ್ಲೂ ಬಾಯಿಂದ, ಇಲ್ಲಾಂದ್ರೆ ತಳದಿಂದ, ಹೊಟ್ಟೆಯಿಂದ ಸತ್ತಿದ್ದು ನಾನು ನೋಡಿಲ್ಲ.

ದಬ್ಬೆ ನೋಡಿ. ಬಿದಿರಿನ ಹೊರಗಿನ ಹಸಿರು ಸಿಪ್ಪೆ ಇರತ್ತಲ್ಲ, ಒಣಗಿದ ಮೇಲೆ ಹಳದಿ ಆಗಿ ನುಣ್ಣಗೆ ಹೊಳೆಯತ್ತೆ, ಆ ಸಿಪ್ಪೆ ಭಾಗದ ದಬ್ಬೇನೇ ಗಟ್ಟಿ, ನೀರೂ ಬೇಗ ಹಿಡಿಯಲ್ಲ. ಒಳಗಿನ ಬಿಳಿ ತಿರುಳಿನ ದಬ್ಬೆ ಮೆತ್ತಗೆ, ಅದರಲ್ಲಿ ಹಿಟ್ಟಿನ ಅಂಶ ಜಾಸ್ತಿ, ಕುಟ್ಟೆ ಹುಳಕ್ಕೆ ಅದೇ ಊಟ. ಕಮ್ಮಿ ರೇಟಿನ ಬುಟ್ಟೀಲಿ ನಿಲುವಿನ ದಬ್ಬೆ ಸಿಪ್ಪೆದು ಇದ್ದು ಅಡ್ಡ ಸುತ್ತಿರೋದೆಲ್ಲ ತಿರುಳಿನದಿರತ್ತೆ, ಅದೂ ನಡೆಯತ್ತೆ, ಎರಡೂ ತಿರುಳಿನದಾದ್ರೆ ಬೇಡ. ಬಣ್ಣ ಬಳಿದ ಬುಟ್ಟಿ ಸುಮ್ಮನೆ ಬೇಡ. ಕೆಂಪು ಹಸಿರು ಬಣ್ಣ ಒದ್ದೆ ಬಟ್ಟೆಗೆ ಹತ್ತತ್ತೆ, ಅದು ಬಾಗಿನಕ್ಕೆ ಚೆಂದ.

ಇನ್ನು ಮೊಳೆ, ತಂತಿ. ನಾನು ಮೊದಲು ತಂದ ಬುಟ್ಟೀಲಿ ಹಿಡಿಗೆ ಕಬ್ಬಿಣದ ಸಣ್ಣ ತಂತಿ ಸುತ್ತಿದ್ರು, ನೋಡೇ ಇರ್ಲಿಲ್ಲ. ಅಪ್ಪ ಊರಿಂದ ಬಂದಿದ್ದಾಗ ಅವರ ಬಿಳಿ ಪಂಚೆ ಅದರಲ್ಲಿ ಒಂದು ರಾತ್ರಿ ಒದ್ದೆ ಇತ್ತು, ಬೆಳಗ್ಗೆ ಅಂಚಿನ ಮೇಲೆ ಇಷ್ಟುದ್ದ ತುಕ್ಕಿನ ಗೆರೆ. ನಿಂಬೆಹಣ್ಣು ಉಪ್ಪು ಹಚ್ಚಿ ಬಿಸಿಲಿಗೆ ಇಟ್ಟು ಅರ್ಧ ಹೋಯ್ತು, ಅರ್ಧ ಇನ್ನೂ ಇದೆ. ಬಿದಿರಿನ ದಾರ, ಬೆತ್ತದ ಸೀಳು, ನೈಲಾನ್ ಹಗ್ಗ ಯಾವುದರಲ್ಲಾದ್ರೂ ಕಟ್ಟಿರಲಿ, ಕಬ್ಬಿಣ ಬೇಡ.

ಬೆತ್ತದ ಬುಟ್ಟಿ ಬಗ್ಗೆ ಕೇಳ್ತಾರೆ ಜನ. ಬೆತ್ತ ಬಿದಿರಿಗಿಂತ ಬಳುಕತ್ತೆ, ಚುಚ್ಚೋ ಚೂರು ಏಳಲ್ಲ, ನೋಡೋಕೂ ರಾಯಲ್. ಆದ್ರೆ ರೇಟು ಮೂರು ಪಟ್ಟು ನಾಕು ಪಟ್ಟು, ಮತ್ತೆ ಈಗ ಬೆತ್ತದ್ದು ಅಂತ ಮಾರೋದರಲ್ಲಿ ಎಷ್ಟೋ ಪ್ಲಾಸ್ಟಿಕ್ಕಿನ ಎಳೆ. ಉಗುರಲ್ಲಿ ಗೀರಿ ನೋಡಿ, ಬೆತ್ತವಾದ್ರೆ ನಾರು ಕಾಣತ್ತೆ. ಹಾಲಲ್ಲಿ ಶೋಗೆ ಇಡೋರು ಬೆತ್ತ ತಗೊಳ್ಳಿ, ಬಾತ್‌ರೂಮಿಗೆ ಬಿದಿರೇ ಸಾಕು. ಇನ್ನೊಂದು ಮಾತು, ಬಿದಿರು ಕಡಿಯೋದು ಕಾನೂನು ಪ್ರಕಾರ ತಪ್ಪಲ್ವಾ ಅಂತ ನಮ್ಮ ಅಪಾರ್ಟ್‌ಮೆಂಟಲ್ಲಿ ಒಬ್ಬರು ಕೇಳಿದ್ರು. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲು, ಆದ್ರೆ 1927ರ ಅರಣ್ಯ ಕಾಯ್ದೆ ಅದನ್ನ ಮರ ಅಂತ ಲೆಕ್ಕ ಹಾಕಿತ್ತು, 2017ರಲ್ಲಿ ತಿದ್ದುಪಡಿ ಮಾಡಿ ಅದನ್ನ ಮರದ ಪಟ್ಟಿಯಿಂದ ತೆಗೆದ್ರು. ಹಂಗಾಗಿ ರೈತರ ಜಮೀನಲ್ಲಿ ಬೆಳೆದ ಬಿದಿರಿಗೆ ಆ ಕಾಯ್ದೆಯ ತಂಟೆ ಇಲ್ಲ, ಕಾಡಿಂದಕ್ಕೆ ಮಾತ್ರ ಇದೆ.

ಮನೆಗೆ ತಂದ ದಿನ

ತಂದ ತಕ್ಷಣ ಬಟ್ಟೆ ಹಾಕಬೇಡಿ. ಮೊದಲು ಚೂರು ತೆಗೀಬೇಕು, ಸಿಬಿರು ಅಂತಾರೆ ನೋಡಿ, ಅದು. ಹಳೇ ನೈಲಾನ್ ದುಪ್ಪಟ್ಟಾ ಒಂದು ಕೈಗೆ ಸುತ್ತಿಕೊಂಡು ಬುಟ್ಟಿ ಒಳಗೆ ಹೊರಗೆ ಪೂರ್ತಿ ಒರೆಸಿ, ಎಲ್ಲೆಲ್ಲಿ ಸಿಕ್ಕಿ ಎಳೀತೋ ಅಲ್ಲೆಲ್ಲ ಸಿಬಿರು ಇದೆ ಅಂತ ಅರ್ಥ, ಆ ಜಾಗಕ್ಕೆ ಸ್ಯಾಂಡ್‌ಪೇಪರ್ ಉಜ್ಜಿ. ಮೇದಾರರು ಇದನ್ನ ಬೆಂಕೀಲಿ ಮಾಡ್ತಾರೆ, ಉರಿ ಮೇಲೆ ಬುಟ್ಟೀನ ಸರ್ರಂತ ತಿರುಗಿಸಿದ್ರೆ ಎದ್ದಿರೋ ನಾರೆಲ್ಲ ಸುಟ್ಟು ನುಣ್ಣಗಾಗತ್ತೆ. ಗ್ಯಾಸ್ ಸ್ಟವ್ ಮೇಲೆ ನೀವು ಟ್ರೈ ಮಾಡಬೇಡಿ, ದಯವಿಟ್ಟು.

ಆಮೇಲೆ ಟೆರೇಸಲ್ಲಿ ಇಟ್ಟು ಪೈಪಲ್ಲಿ ಚೆನ್ನಾಗಿ ತೊಳೀರಿ, ಕಂದು ನೀರು ಬರತ್ತೆ, ತಿಳಿ ನೀರು ಬರೋ ತನಕ ಬಿಡಿ. ದೊಡ್ಡ ಟಬ್ ಇದ್ರೆ ಎರಡು ಮೂರು ದಿನ ನೀರಲ್ಲಿ ಮುಳುಗಿಸಿಟ್ಟು ದಿನಾ ನೀರು ಬದಲಾಯಿಸಿದ್ರೆ ಇನ್ನೂ ಒಳ್ಳೇದು, ಬಿದಿರಿನ ಹಿಟ್ಟಿನ ಅಂಶ ಬಿಟ್ಟುಕೊಂಡು ಕುಟ್ಟೆ ಬರೋದು ಕಮ್ಮಿ ಆಗತ್ತೆ. ಆಮೇಲೆ ನೆರಳಲ್ಲಿ ಎರಡು ದಿನ, ಕೊನೆಗೆ ಒಂದು ದಿನ ಬಿಸಿಲು. ನೇರ ಬಿಸಿಲಿಗೆ ಹಾಕಿದ್ರೆ ಹಸಿ ದಬ್ಬೆ ಸೀಳತ್ತೆ.

ಕೊಳೆ ಬಟ್ಟೆ ಬುಟ್ಟಿಗೆ ಮಾತ್ರ ಇನ್ನೊಂದು ಟ್ರೀಟ್‌ಮೆಂಟ್ ಇದೆ, ಬಿಳಿಗಾರ (ಬೋರಾಕ್ಸ್) ಮತ್ತೆ ಬೋರಿಕ್ ಪೌಡರ್. 2 ಲೀಟರ್ ಬಿಸಿನೀರಿಗೆ ಬಿಳಿಗಾರ 60 ಗ್ರಾಂ, ಬೋರಿಕ್ 40 ಗ್ರಾಂ ಕರಗಿಸಿ, ಅಂದ್ರೆ ಸುಮಾರು 5 ಪರ್ಸೆಂಟ್, ಗ್ಲೌಸ್ ಹಾಕ್ಕೊಂಡು ಬ್ರಶ್ಶಲ್ಲಿ ಎರಡು ಮೂರು ಸಲ ಎಲ್ಲ ಕಡೆ ಬಳಿದು ಒಣಗಿಸಿ. ಮಕ್ಕಳ ಕೈಗೆ ಸಿಗೋ ಹಾಗೆ ಇಡಬೇಡಿ, ಬಾಯಿಗೆ ಹೋದ್ರೆ ವಿಷ. ಒದ್ದೆ ಬಟ್ಟೆ ಬುಟ್ಟಿಗೆ ಇದು ದಂಡ, ಯಾಕಂದ್ರೆ ಇದು ನೀರಲ್ಲಿ ಕರಗಿ ಹೋಗತ್ತೆ. ತಿನ್ನೋ ಪದಾರ್ಥ ಹಾಕೋ ಬುಟ್ಟಿಗಂತೂ ಹತ್ತಿರಕ್ಕೂ ತರಬೇಡಿ.

ಒಳಗೆ ಬಟ್ಟೆ ಚೀಲ ಹಾಕಬೇಕಾ? ಹಾಕಿ, ಆದ್ರೆ ತೆಳು ಕಾಟನ್ನಿಂದು, ಹಳೇ ಕಾಟನ್ ಸೀರೆದು ಬೆಸ್ಟ್. ನಾನು ಅಮ್ಮನ ಒಂದು ಹಳೇ ಇಳಕಲ್ ಸೀರೆ ಕತ್ತರಿಸಿ ಗೌನಿನ ಥರ ಹೊಲಿದು ಬಾಯಿಗೆ ಲಾಡಿ ಹಾಕಿದೀನಿ, ಮಷಿನ್ ಹಾಕೋ ದಿನ ಚೀಲ ಸಮೇತ ಎತ್ತಿ ಬಟ್ಟೆ ಸುರಿದು ಚೀಲಾನೂ ಒಳಗೇ ಹಾಕ್ಬಿಡೋದು. ಅಂಗಡೀಲಿ ಕೆಲವು ಲಾಂಡ್ರಿ ಬುಟ್ಟಿಗೆ ಒಳಗೆ ದಪ್ಪ ಪಾಲಿಯೆಸ್ಟರ್ ಲೈನಿಂಗ್ ಹೊಲಿದು ಮಾರ್ತಾರೆ, ಕಣ್ಣೆಲ್ಲ ಮುಚ್ಚಿಹೋಗಿರತ್ತೆ, ಅದಕ್ಕೆ ಬುಟ್ಟಿ ಯಾಕೆ ಬೇಕು ಹೇಳಿ, ಅದು ಸೀರೆ ಉಟ್ಟ ಪ್ಲಾಸ್ಟಿಕ್ ಡಬ್ಬ.

ದಿನಾ ಬಳಸೋ ರೀತಿ

ಬುಟ್ಟೀನ ಗೋಡೆಗೆ ಒತ್ತಿ ಇಡಬೇಡಿ, ನಾಕು ಬೆರಳು ಜಾಗ ಬಿಡಿ. ಬಾತ್‌ರೂಮ್ ಒಳಗೆ ಬೇಡ, ಹೊರಗೆ. ಕೆಳಗೆ ಎರಡು ಟೈಲ್ಸ್ ಚೂರು ಇಲ್ಲ ಮಣೆ ಇಟ್ಟು ಅದರ ಮೇಲಿಡಿ, ನೆಲ ಒರೆಸೋವಾಗ ತಳ ನೆನೆಯಲ್ಲ. ಒದ್ದೆ ಟವೆಲ್, ಬೆವರಿಗೆ ತೊಪ್ಪೆ ಆದ ಜಿಮ್ ಬಟ್ಟೆ ಬುಟ್ಟಿ ಒಳಗೆ ಹಾಕೋ ಬದಲು ಬಾಯಿ ಅಂಚಿನ ಮೇಲೆ ನೇತುಹಾಕಿ, ಒಣಗಿದ ಮೇಲೆ ಒಳಗೆ ತಳ್ಳಿ. ಬುಟ್ಟಿ ಗಾಳಿ ಬಿಡತ್ತೆ ನಿಜ, ಪವಾಡ ಮಾಡಲ್ಲ. ಮುಚ್ಚಳ ಬೇಕೇ ಬೇಕು ಅಂದ್ರೆ ಅದೂ ಕಣ್ಣಿರೋದೇ ಮಾಡಿಸಿ.

ಒದ್ದೆ ಬಟ್ಟೆ ಹೊರೋವಾಗ ಹಿಡಿ ಎರಡೂ ಹಿಡಿದು ಎದೆ ಮುಂದೆ ಎತ್ತಿಕೊಂಡು ಮೂರು ಫ್ಲೋರ್ ಹತ್ತಿದ್ರೆ ಸೊಂಟ ಹಿಡಿಯತ್ತೆ. ಬುಟ್ಟೀನ ಪಕ್ಕಕ್ಕೆ ಸೊಂಟದ ಮೇಲೆ ಕೂರಿಸಿ, ಮಗು ಎತ್ತಿಕೊಳ್ಳೋ ಹಾಗೆ, ಒಂದು ಕೈ ಮೆಟ್ಟಿಲ ಕಂಬಿಗೆ. ತಲೆ ಮೇಲೆ ಹೊರೋ ಧೈರ್ಯ ಇದ್ರೆ ಸಿಂಬೆ ಮಾಡ್ಕೊಳ್ಳಿ, ಹಳೇ ಟವೆಲ್ ತಿರುಚಿ ಸುರುಳಿ ಸುತ್ತಿದ್ರೆ ಸಿಂಬೆ. ನನ್ನ ಮಗಳು ಅದನ್ನ ಕಿರೀಟ ಅಂತ ಹಾಕ್ಕೊಂಡು ಓಡಾಡ್ತಾಳೆ, ಅದು ಬೇರೆ ವಿಷಯ.

ಕೆಲಸ ಮುಗಿದ ಮೇಲೆ ಒದ್ದೆ ಬುಟ್ಟೀನ ಬೋರಲು ಹಾಕಬೇಡಿ, ಗೋಡೆಗೆ ಒಂದು ಗೂಟ ಹೊಡೆದು ನೇತುಹಾಕಿ. ಇದೊಂದು ಅಭ್ಯಾಸ ಇದ್ರೆ ಎರಡು ವರ್ಷ ಬರೋ ಬುಟ್ಟಿ ಐದಾರು ವರ್ಷ ಬರತ್ತೆ.

ಕುಟ್ಟೆ ಬಂದ್ರೆ, ಬೂಷ್ಟು ಬಂದ್ರೆ

ಬುಟ್ಟಿ ಕೆಳಗೆ ಗೋಧಿಹಿಟ್ಟು ಉದುರಿದ ಹಾಗೆ ನುಣ್ಣನೆ ಪುಡಿ ಕಂಡ್ರೆ ಗುಡಿಸಿ ಸುಮ್ಮನಾಗಬೇಡಿ. ನಾನು ಹಾಗೇ ಮಾಡಿದೆ, ಎರಡು ವಾರ ಗುಡಿಸಿದೆ, ಯಾವುದೋ ಧೂಳು ಅಂದ್ಕೊಂಡು. ಆಮೇಲೆ ಒಂದಿನ ಹಿಡಿ ಎತ್ತಿದ್ರೆ ಹಿಡಿ ಮಾತ್ರ ಕೈಗೆ ಬಂತು. ಸೂಜಿ ಮೊನೆ ಗಾತ್ರದ ತೂತು, ಒಳಗೆಲ್ಲ ಟೊಳ್ಳು.

ಪುಡಿ ಕಂಡ ದಿನವೇ ಬುಟ್ಟೀನ ಟೆರೇಸಿಗೆ ಒಯ್ದು ದಬದಬ ಬಡಿದು ಪುಡಿ ಉದುರಿಸಿ. ಆಮೇಲೆ ಕುದಿಯೋ ನೀರು ಎರಡು ಮೂರು ಸಲ ಎಲ್ಲ ಕಡೆ ಸುರೀರಿ, ಕೈ ಜೋಪಾನ. ಒಣಗಿದ ಮೇಲೆ ಕಪ್ಪು ಗಾರ್ಬೇಜ್ ಕವರಲ್ಲಿ ಬಿಗಿಯಾಗಿ ಕಟ್ಟಿ ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ಮೂರ್ನಾಕು ದಿನ ಇಟ್ರೆ ಒಳಗಿನ ಶಾಖಕ್ಕೆ ಉಳಿದಿದ್ದೂ ಸಾಯತ್ತೆ. ಊರಲ್ಲಿ ಇದಕ್ಕೆಲ್ಲ ಕಷ್ಟವೇ ಇರ್ಲಿಲ್ಲ, ಬಳಸದ ಬುಟ್ಟಿ ಒಲೆ ಮೇಲಿನ ಅಟ್ಟದಲ್ಲಿ, ವರ್ಷಪೂರ್ತಿ ಹೊಗೆ, ಬುಟ್ಟಿ ಕಪ್ಪಗಾಗಿ ಕಬ್ಬಿಣದ ಥರ ಆಗೋದು. ಇಂಡಕ್ಷನ್ ಸ್ಟವಲ್ಲಿ ಹೊಗೆ ಎಲ್ಲಿಂದ ತರೋದು.

ಬೂಷ್ಟು ಇದಕ್ಕಿಂತ ಸುಲಭ. ಒಣ ಬ್ರಶ್ಶಲ್ಲಿ ಹೊರಗೆ ಉಜ್ಜಿ, ಒಂದು ಪಾಲು ವಿನಿಗರ್ ಒಂದು ಪಾಲು ನೀರು ಬೆರೆಸಿ ಒರೆಸಿ, ಗಾಳಿಗಿಡಿ. ಬ್ಲೀಚ್ ಹಾಕಬೇಡಿ, ದಬ್ಬೆ ಲಡ್ಡಾಗಿ ಪಟಪಟ ಮುರಿಯತ್ತೆ.

ಇನ್ನು ಚಿಪ್ಪಿ ಬುಟ್ಟಿ

ಬೆಂಗಳೂರಲ್ಲಿ ಸಮುದ್ರ ಎಲ್ಲಿದೆ ಅಂತೀರಾ. ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ, ಮತ್ತೆ ಮಂಗಳೂರು ಕಡೆಯವರ ಮೀನಂಗಡಿಗಳಲ್ಲಿ ಆಗಾಗ ಚಿಪ್ಪಿ ಬರತ್ತೆ. ಮಂಗಳೂರಲ್ಲಿ ಮರುವಾಯಿ, ಕುಮಟಾ ಕಡೆ ಬಳಚು, ಕೊಂಕಣಿಯವರಿಗೆ ಖುಬೆ, ತಿಸ್ರೆ. ತಿನ್ನೋರಿಗೆ ಈ ಭಾಗ, ತಿನ್ನದಿರೋರು ಕೊನೇ ಭಾಗಕ್ಕೆ ಹಾರಿ.

ಅಡಿಗೆಮನೆಗೆ ಒಂದು 8-9 ಇಂಚಿನ ಸಣ್ಣ ಬುಟ್ಟಿ ಬೇರೆ ಇಡಿ, ಬಣ್ಣ ಇಲ್ಲದ್ದು, ಔಷಧಿ ಬಳೀದೇ ಇರೋದು, ಕಣ್ಣು ಚಿಪ್ಪಿಗಿಂತ ಸಣ್ಣದು. ಮನೆಗೆ ತಂದ ಚಿಪ್ಪಿ ಬುಟ್ಟಿಗೆ ಹಾಕಿ ನಲ್ಲಿ ಕೆಳಗೆ ಗಲಗಲ ಅಲ್ಲಾಡಿಸಿ ತೊಳೀರಿ. ಬಾಯಿ ತೆರೆದಿರೋದನ್ನ ಬೆರಳಲ್ಲಿ ತಟ್ಟಿ, ಮುಚ್ಚಿಕೊಂಡ್ರೆ ಜೀವ ಇದೆ, ಮುಚ್ಚದೇ ಇದ್ರೆ ಬಿಸಾಕಿ. ಒಡೆದಿದ್ದೂ ಬಿಸಾಕಿ. ಆಮೇಲೆ ಅಗಲ ಪಾತ್ರೇಲಿ ಲೀಟರ್ ನೀರಿಗೆ 30 ಗ್ರಾಂ ಕಲ್ಲುಪ್ಪು ಕರಗಿಸಿ, ಪಾತ್ರೆ ತಳದಲ್ಲಿ ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲೆ ಚಿಪ್ಪಿ ಬುಟ್ಟಿ ಕೂರಿಸಿ, ಚಿಪ್ಪಿ ಮುಳುಗೋಷ್ಟು ನೀರು. ಬುಟ್ಟಿ ಎತ್ತರಿಸೋದು ಯಾಕಂದ್ರೆ ಚಿಪ್ಪಿ ಉಗುಳಿದ ಮರಳು ಕಣ್ಣಿಂದ ಕೆಳಗೆ ಬೀಳತ್ತೆ, ಬರೀ ಪಾತ್ರೇಲಿ ಹಾಕಿದ್ರೆ ಉಗುಳಿದ್ದನ್ನೇ ಮತ್ತೆ ಎಳ್ಕೊಳತ್ತೆ. ಎರಡು ಮೂರು ಗಂಟೆ ಸಾಕು, ನಿಂತ ನೀರಲ್ಲಿ ಇಡೀ ರಾತ್ರಿ ಬಿಟ್ರೆ ಉಸಿರುಕಟ್ಟಿ ಸಾಯತ್ತೆ. ಬುಟ್ಟಿ ಸಮೇತ ಮೇಲಕ್ಕೆತ್ತಿ, ಪಾತ್ರೆ ಓರೆ ಮಾಡಿ ಚಿಪ್ಪಿ ಸುರೀಬೇಡಿ. ಕಾವೇರಿ ನೀರಾದ್ರೆ ಹಿಂದಿನ ದಿನವೇ ತೆರೆದಿಟ್ಟ ನೀರು ಬಳಸಿ, ಕ್ಲೋರಿನ್ ವಾಸನೆಗೆ ಅವು ಬಾಯೇ ಬಿಡಲ್ಲ. ಬೇಯಿಸಿದ ಮೇಲೂ ಬಾಯಿ ಬಿಡದಿದ್ದನ್ನ ತಿನ್ನಬೇಡಿ.

ರಜೆಗೆ ಊರಿಗೆ ಹೋದಾಗ ಹೊಳೆಗೆ ಇಳಿಯೋರಿಗೆ ಬೇರೆ ಬುಟ್ಟಿ. ಅಲ್ಲಿ ಹೆಬ್ಬೆರಳು ಹೋಗೋಷ್ಟು ಕಣ್ಣು ಬೇಕು, ಸೊಂಟಕ್ಕೆ ಕಟ್ಟೋ ಹಗ್ಗ ಬೇಕು. ಕುಂದಾಪುರದ ಪಂಚಗಂಗಾವಳಿ ಹೊಳೆ ಸಮುದ್ರ ಸೇರೋ ಜಾಗದಲ್ಲಿ ನಮ್ಮಜ್ಜಿ ಜೊತೆ ಇಳೀತಿದ್ದಾಗ ಬುಟ್ಟಿ ಕಣ್ಣಿಂದ ಸಣ್ಣ ಚಿಪ್ಪಿ ಉದುರಿ ಹೋಗ್ತಿದ್ರೆ ನಾನು ಹೆಕ್ಕಿ ವಾಪಸ್ ಹಾಕ್ತಿದ್ದೆ, ಅಜ್ಜಿ ಬೈಯೋರು, "ಸಣ್ಣದ್ ಹೋಯ್ಲಿ ಮಗಾ, ಬಪ್ಪ ವರ್ಷಕ್ಕೆ ಬ್ಯಾಡ್ದಾ?" ಬುಟ್ಟಿ ಕಣ್ಣೇ ಜರಡಿ. ಕೇರಳದ ಅಷ್ಟಮುಡಿ ಹಿನ್ನೀರಿನ ಚಿಪ್ಪಿ ಮೀನುಗಾರಿಕೆಗೆ 2014ರಲ್ಲಿ ಎಂಎಸ್‌ಸಿ ಅನ್ನೋ, ಸಂತತಿ ಬರಿದಾಗದ ಹಾಗೆ ಹಿಡಿಯೋರಿಗೆ ಕೊಡೋ ಅಂತಾರಾಷ್ಟ್ರೀಯ ಸರ್ಟಿಫಿಕೇಟ್ ಸಿಕ್ತು, ಇಡೀ ದೇಶಕ್ಕೇ ಮೊದಲನೇದು, ಅಲ್ಲಿನ ನಿಯಮಗಳಲ್ಲೂ ಸಣ್ಣ ಕಣ್ಣಿನ ಬಲೆ ಬೇಡ ಅನ್ನೋದು ಒಂದು. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಅನ್ನೋ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿದೆ, ಅಲ್ಲಿ ಸಾವಿರಾರು ಮನೆ ನಡೆಯೋದೇ ಮೀನು ಚಿಪ್ಪಿಯಿಂದ, ಟೂರಿಸ್ಟ್ ಥರ ಹೋಗಿ ಬಕೆಟ್ ತುಂಬಬೇಡಿ.

ಹೊತ್ತು ನೋಡೋದು ಹೀಗೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ಇಳಿತ ಜಾಸ್ತಿ, ನೆಲ ಜಾಸ್ತಿ ಬಿಟ್ಕೊಡತ್ತೆ. ಇವತ್ತು ಬೆಳಗ್ಗೆ 7ಕ್ಕೆ ಪೂರ್ತಿ ಇಳಿದಿದ್ರೆ ನಾಳೆ ಸುಮಾರು 50 ನಿಮಿಷ ತಡ. ನೀರು ಇಳೀತಾ ಇರೋವಾಗ ಹೋಗಿ, ಏರೋಕೆ ಶುರುವಾದ್ರೆ ಬುಟ್ಟಿ ಅರ್ಧ ಇದ್ರೂ ವಾಪಸ್ ಬನ್ನಿ. ಊರಿನೋರು ಜೊತೆ ಇಲ್ಲದೇ ಇಳೀಬೇಡಿ. ಊರಿನೋರು ಹೆಕ್ಕದ ಜಾಗದಲ್ಲಿ ನೀವೂ ಹೆಕ್ಕಬೇಡಿ, ಚರಂಡಿ ಸೇರೋ ಕಡೆಯಂತೂ ಬೇಡವೇ ಬೇಡ, ಚಿಪ್ಪಿ ನೀರನ್ನ ಸೋಸಿ ತಿನ್ನೋ ಪ್ರಾಣಿ, ನೀರಲ್ಲಿ ಇರೋ ಕೆಟ್ಟದ್ದೆಲ್ಲ ಅದರ ಹೊಟ್ಟೇಲಿ. ಪಾಚಿಯ ವಿಷ ಸೇರಿದ್ರೆ ಕುದಿಸಿದ್ರೂ ಹೋಗಲ್ಲ, 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರೋ ಕುಂಬಳೆ ಅಳಿವೇಲಿ ಹಾಗೆ ಆಗಿ ಒಬ್ಬ ಹುಡುಗ ತೀರಿಕೊಂಡಿದ್ದ.

ಹೊಳೆಯಿಂದ ಬಂದ ಬುಟ್ಟೀನ ಸಿಹಿನೀರಲ್ಲಿ ತೊಳೆದು ಒಣಗಿಸಿ, ಉಪ್ಪು ಹಾಗೇ ಬಿಟ್ರೆ ಗಾಳಿಯ ತೇವ ಎಳ್ಕೊಂಡು ಯಾವಾಗ್ಲೂ ಜಿಗಿಜಿಗಿ ಅಂತಿರತ್ತೆ. ಮತ್ತೆ ಆ ಬುಟ್ಟಿಗೆ ಬಟ್ಟೆ ಹಾಕೋ ಪ್ಲಾನ್ ಬೇಡ, ಎಷ್ಟು ತೊಳೆದ್ರೂ ವಾಸನೆ ಹೋಗಲ್ಲ, ನಮ್ಮ ಯಜಮಾನ್ರ ಆಫೀಸ್ ಶರ್ಟ್ ಸಾಕ್ಷಿ.

ರಿಪೇರಿ

ಬಾಯಿ ಕಟ್ಟು ಬಿಚ್ಚಿಕೊಂಡ್ರೆ ಬಿಸಾಕೋದು ಬೇಡ. ತೆಳು ನೈಲಾನ್ ಹಗ್ಗ ತಗೊಂಡು ಗಟ್ಟಿ ಇರೋ ಜಾಗದಿಂದ ನಾಕು ಬೆರಳು ಹಿಂದೆ ಶುರು ಮಾಡಿ, ಅಂಚಿನ ಮೇಲಿಂದ ಕಣ್ಣೊಳಗೆ ತೂರಿಸಿ ಹೂವಿನ ದಂಡೆ ಸುತ್ತೋ ಹಾಗೆ ಒತ್ತಾಗಿ ಸುತ್ತುತ್ತಾ ಹೋಗಿ, ಒಡೆದ ಭಾಗ ದಾಟಿ ಇನ್ನೂ ನಾಕು ಬೆರಳು ಸುತ್ತಿ ಗಂಟು ಹೊರಗಡೆ ಬರೋ ಹಾಗೆ ಹಾಕಿ, ಒಳಗಡೆ ಹಾಕಿದ್ರೆ ಬಟ್ಟೆ ಸಿಕ್ಕಿ ಹರಿಯತ್ತೆ. ಒಂದು ದಬ್ಬೆ ಮುರಿದಿದ್ರೆ ಹೊಸ ದಬ್ಬೇನ ಅರ್ಧ ಗಂಟೆ ನೀರಲ್ಲಿ ನೆನೆಸಿ, ಮುರಿದಿದ್ದರ ಪಕ್ಕದಲ್ಲೇ ಅದೇ ದಾರೀಲಿ ಮೇಲೆ ಕೆಳಗೆ ತೂರಿಸಿ, ಹಳೇದನ್ನ ಕೀಳಬೇಡಿ, ಕಿತ್ರೆ ಸುತ್ತಲಿಂದೂ ಸಡಿಲ ಆಗತ್ತೆ. ತಳ ಹೋದ್ರೆ ಮಾತ್ರ ನಮ್ಮ ಕೈಲಾಗಲ್ಲ. ನಾನು ಅಂಥದ್ದನ್ನ ಬಾಲ್ಕನೀಲಿ ಒಣ ಎಲೆ ತುಂಬೋಕೆ ಇಟ್ಟಿದೀನಿ, ಕೆಳಗೆ ಒಂದು ಹಳೇ ತಟ್ಟೆ, ಆರು ತಿಂಗಳಿಗೆ ಎಲೆ ಗೊಬ್ಬರ ಆಯ್ತು, ಬುಟ್ಟಿ ಇನ್ನೂ ಅರ್ಧ ನಿಂತಿದೆ.